ಹೆಸರು ಕೇಳದ ಕಲ್ಯಾಣ, ಲೆಕ್ಕ ಕೇಳದ ಕಲ್ಯಾಣ

ಬೆಂಗಳೂರಿನ ಗೆಳೆಯರೇ, ಗೆಳತಿಯರೇ, ನಿಮಗೊಂದು ಪ್ರಶ್ನೆ. ಇಂಗ್ಲಿಷರ ಬಾಯಲ್ಲಿ ‘ಬ್ಯಾಂಗಲೋರ್’ ಆಗಿ ಹೋಗಿದ್ದ ನಿಮ್ಮ ಊರಿನ ಹೆಸರನ್ನು ‘ಬೆಂಗಳೂರು’ ಎಂದು ತಿದ್ದಲು ಸರ್ಕಾರ ಒಪ್ಪಿಕೊಂಡಾಗ ಮುಖ್ಯಮಂತ್ರಿಯ ಕುರ್ಚಿಯಲ್ಲಿ ಕೂತಿದ್ದವರು ಯಾರು?

ತಲೆ ಕೆರೆದುಕೊಳ್ಳಬೇಡಿ. ಅವರು ಮೈಸೂರು ಸೀಮೆಯವರಲ್ಲ. ಒಕ್ಕಲಿಗರಲ್ಲ, ಲಿಂಗಾಯತರಲ್ಲ. ನಾರಾಯಣಸಿಂಗರ ಮಗ ಧರ್ಮಸಿಂಗ್. ಜೇವರ್ಗಿ ತಾಲೂಕಿನ ನೆಲೋಗಿ ಎಂಬ ಹಳ್ಳಿಯ ರಜಪೂತ ಮನೆತನದವರು. ಯು.ಆರ್. ಅನಂತಮೂರ್ತಿಯವರು ಇಟ್ಟ ಸಲಹೆಯನ್ನು 2005ರ ಡಿಸೆಂಬರಿನಲ್ಲಿ ಒಪ್ಪಿ ಘೋಷಿಸಿದ್ದು ಅವರ ಸರ್ಕಾರ. ಅದು ಕಾಗದದ ಮೇಲೆ ಪೂರ್ತಿಯಾಗಲು 2014ರ ನವೆಂಬರ್ 1 ಬರಬೇಕಾಯಿತು, ಆ ಮಾತು ಬೇರೆ.

ಇನ್ನೊಂದು ನೆನಪು ಮಾಡಿಕೊಡುತ್ತೇನೆ. 2005ರ ಅಕ್ಟೋಬರಿನಲ್ಲಿ ಬೆಳಗಾವಿ ಮಹಾನಗರ ಪಾಲಿಕೆ, ಕನ್ನಡದ ನೆಲದಲ್ಲಿ ಕೂತು, ಕನ್ನಡಿಗರ ತೆರಿಗೆಯಲ್ಲಿ ಸಭೆ ನಡೆಸಿ, ಬೆಳಗಾವಿಯನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆಂದು ಠರಾವು ಪಾಸು ಮಾಡಿತು. ನವೆಂಬರಿನಲ್ಲಿ ಆ ಪಾಲಿಕೆಯನ್ನೇ ವಿಸರ್ಜಿಸಿದ್ದು ಯಾರ ಸರ್ಕಾರ? ಇದೇ ‘ಸಿಂಗ್’ ಸರ್ಕಾರ. ಹೆಸರಿನ ಹಿಂದೆ ಗೌಡ, ಪಾಟೀಲ, ಶೆಟ್ಟಿ, ರಾವ್ ಇದ್ದವರಷ್ಟೇ ಕನ್ನಡಿಗರು ಎಂದು ತಿಳಿದವರು ಈ ಎರಡು ಘಟನೆಗಳನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

2017ರ ಜುಲೈ 27ರಂದು ಧರ್ಮಸಿಂಗ್ ತೀರಿಕೊಂಡಾಗ ಪತ್ರಿಕೆಗಳೆಲ್ಲ ‘ಅಜಾತಶತ್ರು’ ಎಂದು ಬರೆದವು. ಆ ಮಾತು ಸುಳ್ಳಲ್ಲ. ಅರ್ಧ ಶತಮಾನ ರಾಜಕೀಯ ಮಾಡಿಯೂ ಶತ್ರುಗಳನ್ನು ಸಂಪಾದಿಸಿಕೊಳ್ಳದ ಮನುಷ್ಯ. ಆದರೆ ನಮ್ಮ ಪ್ರಶ್ನೆ ಅವರು ಯಾರಿಗೆ ಮಿತ್ರರಾಗಿದ್ದರು ಎಂಬುದಲ್ಲ. ಬೀದರ್, ಬಸವಕಲ್ಯಾಣ, ಹುಮನಾಬಾದ್, ಜೇವರ್ಗಿಯ ಕನ್ನಡಿಗನಿಗೆ ಆ ಸ್ನೇಹದಿಂದ ಸಿಕ್ಕಿದ್ದೇನು ಎಂಬುದು. ಅವರ ಬದುಕನ್ನು ಇವತ್ತು ಬಿಚ್ಚಿ ನೋಡಬೇಕಾದದ್ದು ಇದಕ್ಕಾಗಿ. ಯಾಕೆಂದರೆ ಬಸವಕಲ್ಯಾಣದಲ್ಲಿ ಈಗ ನಡೆಯುತ್ತಿರುವ ಆಟಕ್ಕೂ ಆ ಬದುಕಿಗೂ ನೇರ ನಂಟಿದೆ.

ನಿಜಾಮನ ಸೀಮೆಯ ಹುಡುಗ

ಧರ್ಮಸಿಂಗ್ ಹುಟ್ಟಿದ್ದು 1936ರ ಡಿಸೆಂಬರ್ 25ರಂದು. ಆಗ ನೆಲೋಗಿ ಇದ್ದದ್ದು ಹೈದರಾಬಾದ್ ನಿಜಾಮನ ಆಳ್ವಿಕೆಯಲ್ಲಿ. ಕಚೇರಿಯ ಭಾಷೆ ಉರ್ದು, ಕೋರ್ಟಿನ ಭಾಷೆ ಉರ್ದು, ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದು. ಹೊಲದಲ್ಲಿ, ಮನೆಯಲ್ಲಿ, ಸಂತೆಯಲ್ಲಿ ಕನ್ನಡವಾಡುವ ರೈತ ತಹಶೀಲ್ ಕಚೇರಿಯ ಮೆಟ್ಟಿಲು ಹತ್ತಿದ ಕೂಡಲೇ ಮೂಕನಾಗುತ್ತಿದ್ದ ಕಾಲ ಅದು. ರಜಾಕಾರರ ದಾಂಧಲೆಯನ್ನು ಕಂಡ ತಲೆಮಾರು. 1948ರ ಸೆಪ್ಟೆಂಬರ್ 17ರಂದು ನಿಜಾಮ ಶರಣಾದಾಗ ಈ ಹುಡುಗನಿಗೆ ಹನ್ನೊಂದು ವರ್ಷ. 1956ರ ನವೆಂಬರ್ 1ರಂದು ಬೀದರ್, ಕಲಬುರಗಿ, ರಾಯಚೂರುಗಳ ಕನ್ನಡ ನೆಲ ಮೈಸೂರು ರಾಜ್ಯಕ್ಕೆ ಸೇರಿದಾಗ ಇಪ್ಪತ್ತರ ಹೊಸ್ತಿಲು.

ದಕ್ಷಿಣದ ನಮಗೆ ನವೆಂಬರ್ 1 ಎಂದರೆ ಬಾವುಟ, ಮೈಕು, ಆರ್ಕೆಸ್ಟ್ರಾ. ಅವರಿಗೆ ಅದು ತಮ್ಮ ಮಾತಿನಲ್ಲಿ ಅರ್ಜಿ ಬರೆಯುವ ಹಕ್ಕು ಸಿಕ್ಕ ದಿನ. ಚಾಲುಕ್ಯರ ರಾಜಧಾನಿಯಾಗಿದ್ದ, ಬಸವಣ್ಣನವರು ಬಾಳಿದ ‘ಕಲ್ಯಾಣಿ’ ಎಂಬ ಊರು ಬಸವಕಲ್ಯಾಣವಾದದ್ದೂ ಈ ಏಕೀಕರಣದ ಹೊತ್ತಿನಲ್ಲೇ.

ಹೈದರಾಬಾದಿನಲ್ಲಿ ಎಂ.ಎ., ಎಲ್‌ಎಲ್.ಬಿ. ಮುಗಿಸಿ ಕಲಬುರಗಿಗೆ ಬಂದು ಕರಿಕೋಟು ತೊಟ್ಟ ಧರ್ಮಸಿಂಗ್, ನಗರಸಭೆಯಿಂದ ರಾಜಕೀಯ ಶುರು ಮಾಡಿದರು. 1972ರಲ್ಲಿ ಜೇವರ್ಗಿಯಿಂದ ವಿಧಾನಸಭೆಗೆ ಗೆದ್ದರು. ಅದೇ ವರ್ಷ ಗುರುಮಠಕಲ್‌ನಿಂದ ಗೆದ್ದು ಬಂದ ಇನ್ನೊಬ್ಬ ತರುಣ ವಕೀಲರ ಹೆಸರು ಮಲ್ಲಿಕಾರ್ಜುನ ಖರ್ಗೆ. ಇಬ್ಬರೂ ಜೋಡೆತ್ತಿನ ಹಾಗೆ ನಡೆದರು. ಆ ಸೀಮೆಯ ಕಾಂಗ್ರೆಸ್ ಎಂದರೆ ಈ ಇಬ್ಬರೇ ಎನ್ನುವಂತಾಯಿತು.

1972, 78, 83, 85, 89, 94, 99, 2004. ಎಂಟು ಚುನಾವಣೆ, ಎಂಟೂ ಬಾರಿ ಜೇವರ್ಗಿ ಅವರ ಕೈಹಿಡಿಯಿತು. ರಾಜ್ಯದಲ್ಲಿ ಜನತಾ ಅಲೆ ಎದ್ದು ಕಾಂಗ್ರೆಸ್ಸಿನ ದೊಡ್ಡ ದೊಡ್ಡ ಮರಗಳೇ ಉರುಳಿದ 1983, 85ರಲ್ಲೂ ಅಲುಗಾಡಲಿಲ್ಲ. ಅರಸು, ಗುಂಡೂರಾವ್, ಬಂಗಾರಪ್ಪ, ಮೊಯಿಲಿ, ಕೃಷ್ಣ, ಯಾರು ಮುಖ್ಯಮಂತ್ರಿಯಾದರೂ ಸಂಪುಟದಲ್ಲಿ ಧರ್ಮಸಿಂಗ್ ಇದ್ದರು. ಗೃಹ, ಕಂದಾಯ, ಅಬಕಾರಿ, ಲೋಕೋಪಯೋಗಿ ಖಾತೆಗಳನ್ನು ನೋಡಿದರು. ಕೆಪಿಸಿಸಿ ಅಧ್ಯಕ್ಷರೂ ಆದರು.

ಇಲ್ಲಿ ಒಂದು ಕ್ಷಣ ನಿಲ್ಲಿ. ಜೇವರ್ಗಿಯಲ್ಲಿ ರಜಪೂತರ ಓಟು ಎಷ್ಟಿದ್ದೀತು? ಬೆರಳೆಣಿಕೆ. ಆ ಬೆರಳೆಣಿಕೆಯ ಜಾತಿಯವನನ್ನು ಲಿಂಗಾಯತರು, ಕಬ್ಬಲಿಗರು, ಕುರುಬರು, ದಲಿತರು, ಮುಸಲ್ಮಾನರು ಸೇರಿ ಮೂವತ್ತು ವರ್ಷ ಹೊತ್ತು ಮೆರೆಸಿದರು. ‘ನೀನು ಯಾರು, ನಿನ್ನ ಅಜ್ಜ ಎಲ್ಲಿಂದ ಬಂದ’ ಎಂಬ ಪ್ರಶ್ನೆ ಅವರ ಓಟಿಗೆ ಅಡ್ಡ ಬರಲಿಲ್ಲ. ಕನ್ನಡದ ಮಣ್ಣು ತುಳಿದು, ಕನ್ನಡದಲ್ಲಿ ಕಷ್ಟಸುಖ ಕೇಳಿದವನು ನಮ್ಮವನು, ಅಷ್ಟೆ.

ಹುಮನಾಬಾದ್ ಹೇಳುವ ಪಾಠ

ಇದು ಜೇವರ್ಗಿಯೊಂದರ ಕಥೆಯಲ್ಲ. ಹುಮನಾಬಾದನ್ನು ನೋಡಿ. ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲಿರುವ ಊರು. ವೀರಭದ್ರೇಶ್ವರನ ಜಾತ್ರೆಯೂ ಇಲ್ಲಿಯದೇ, ಮಾಣಿಕಪ್ರಭುಗಳ ಗದ್ದುಗೆಯೂ ಇಲ್ಲಿಯದೇ. ಒಂದೇ ಅಂಗಡಿಯ ಕಟ್ಟೆಯ ಮೇಲೆ ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಕೇಳುತ್ತವೆ.

ಈ ಊರಿನ ರಾಮಚಂದ್ರ ವೀರಪ್ಪ 1962 ಮತ್ತು 1967ರಲ್ಲಿ ಕಾಂಗ್ರೆಸ್ಸಿನಿಂದ ಬೀದರ್ ಸಂಸದರಾದರು. ಆಮೇಲೆ ಬಿಜೆಪಿ ಸೇರಿ 1991ರಿಂದ 2004ರವರೆಗೆ ಐದು ಸಲ ಗೆದ್ದರು. ತೊಂಬತ್ತು ದಾಟಿದ ಮೇಲೂ ಸಂಸತ್ತಿನಲ್ಲಿದ್ದರು, ಸಂಸದರಾಗಿದ್ದಾಗಲೇ 2004ರಲ್ಲಿ ಕಣ್ಮುಚ್ಚಿದರು. ದಲಿತ ಮನೆತನದ ಈ ಮುದುಕರ ಮಾತು ಕೇಳಲು ಜನ ಪಕ್ಷದ ಬಾವುಟ ನೋಡಲಿಲ್ಲ.

ಇದೇ ಹುಮನಾಬಾದ್ ವಿಧಾನಸಭಾ ಕ್ಷೇತ್ರ 1994ರಲ್ಲಿ ಮತ್ತು 2004ರಲ್ಲಿ ಮೆರಾಜುದ್ದೀನ್ ಪಟೇಲರನ್ನು ಗೆಲ್ಲಿಸಿತು. ಮುಂದೆ ಅವರು ಮಂತ್ರಿಯಾದರು, ಜೆಡಿಎಸ್‌ನ ರಾಜ್ಯಾಧ್ಯಕ್ಷರಾದರು. ರಜಾಕಾರರ ಗಾಯ ಇನ್ನೂ ನೆನಪಿನಲ್ಲಿದ್ದ ಸೀಮೆಯಲ್ಲಿ ಒಬ್ಬ ಮುಸಲ್ಮಾನ ಮುಖಂಡನನ್ನು ಎಲ್ಲ ಜಾತಿಯ ಜನ ಗೆಲ್ಲಿಸಿದರು ಎಂದರೆ ಅದು ಸಣ್ಣ ಮಾತಲ್ಲ. ಬಂದವನನ್ನು ‘ನೀನು ಯಾರವನು’ ಎಂದು ಕೇಳಬೇಡ, ನಮ್ಮವನೆಂದುಕೋ ಎಂದು ಎಂಟುನೂರು ವರ್ಷಗಳ ಹಿಂದೆ ಶರಣರು ಕಲಿಸಿದ ಪಾಠ ಈ ನೆಲದಲ್ಲಿ ಪುಸ್ತಕಕ್ಕೆ ಸೀಮಿತವಾಗಿರಲಿಲ್ಲ.

ಹೆಸರು ಕೇಳದ ಈ ದೊಡ್ಡತನಕ್ಕೆ ಒಂದು ನಮಸ್ಕಾರ. ಈಗ ಇನ್ನೊಂದು ಮಗ್ಗುಲು ನೋಡೋಣ.

ದೆಹಲಿಗೆ ಕೊಟ್ಟ ಉಡುಗೊರೆ

1980ರ ಜನವರಿ. ಇಂದಿರಾ ಗಾಂಧಿ ಮತ್ತೆ ಅಧಿಕಾರಕ್ಕೆ ಬಂದ ಚುನಾವಣೆ. ಧರ್ಮಸಿಂಗ್ ಗುಲ್ಬರ್ಗ ಲೋಕಸಭಾ ಕ್ಷೇತ್ರದಿಂದ ಗೆದ್ದರು. ಅತ್ತ ದೆಹಲಿಯಲ್ಲಿ ಇಂದಿರಾ ಅವರಿಗೆ ಬೇಕಾದ ಸಿ.ಎಂ. ಸ್ಟೀಫನ್ ಎಂಬ ಕೇರಳದ ನಾಯಕರು ವಾಜಪೇಯಿ ಎದುರು ಸೋತು ಕೂತಿದ್ದರು. ಅವರಿಗೊಂದು ಸೀಟು ಬೇಕಾಯಿತು.

ಎಲ್ಲಿದೆ ಸೀಟು? ಕೇರಳದಲ್ಲಿ ಹುಡುಕಲಿಲ್ಲ. ಉತ್ತರಪ್ರದೇಶದಲ್ಲಿ ಹುಡುಕಲಿಲ್ಲ. ಗುಲ್ಬರ್ಗದ ಕಡೆ ಬೆರಳು ತೋರಿಸಿದರು. ಧರ್ಮಸಿಂಗ್ ರಾಜೀನಾಮೆ ಬರೆದುಕೊಟ್ಟರು. ಉಪಚುನಾವಣೆ ನಡೆಯಿತು. ಕನ್ನಡದ ಒಂದಕ್ಷರ ಬಾರದ ಸ್ಟೀಫನ್ ಗುಲ್ಬರ್ಗದ ಸಂಸದರಾದರು, ಕೇಂದ್ರದಲ್ಲಿ ಸಂಪರ್ಕ ಖಾತೆಯ ಮಂತ್ರಿಯೂ ಆದರು. ಧರ್ಮಸಿಂಗ್ ಗುಂಡೂರಾವ್ ಸಂಪುಟದಲ್ಲಿ ಮಂತ್ರಿಯಾದರು.

ಇದನ್ನು ಅಂದಿನ ಕಾಂಗ್ರೆಸ್ಸಿಗರು ‘ತ್ಯಾಗ’ ಎಂದರು. ತ್ಯಾಗ ಮಾಡಬೇಕಾದರೆ ಸ್ವಂತದ್ದನ್ನು ಮಾಡಬೇಕು. ಆ ಸೀಟು ಧರ್ಮಸಿಂಗರ ಅಪ್ಪನ ಆಸ್ತಿಯಾಗಿರಲಿಲ್ಲ. ಲಕ್ಷಾಂತರ ಕನ್ನಡಿಗರು ಬಿಸಿಲಲ್ಲಿ ನಿಂತು ಒತ್ತಿದ ಮುದ್ರೆ ಅದು. ಅದನ್ನು ದೆಹಲಿಯ ದೊರೆಸಾನಿಯ ಪಾದಕ್ಕೆ ಇಟ್ಟು ಬಂದವರಿಗೆ ಜೇವರ್ಗಿಯಲ್ಲಿ ಯಾರಾದರೂ ‘ಯಾಕ್ರೀ ಸಾಹೇಬ್ರ, ನಮ್ಮ ಓಟು ಯಾರಿಗೆ ಮಾರಿದ್ರಿ?’ ಎಂದು ಕೇಳಿದರೇ? ಕೇಳಿದ್ದರೆ 1983ರಲ್ಲಿ ಅವರು ಅಷ್ಟು ಸಲೀಸಾಗಿ ಮತ್ತೆ ಗೆಲ್ಲುತ್ತಿರಲಿಲ್ಲ.

ಕನ್ನಡ ನಾಡಿನ ಸೀಟನ್ನು ಹೈಕಮಾಂಡಿನ ಅತಿಥಿಗೃಹ ಮಾಡಿಕೊಂಡದ್ದು ಅದೊಂದೇ ಸಲವಲ್ಲ. 1978ರಲ್ಲಿ ಚಿಕ್ಕಮಗಳೂರು ಇಂದಿರಾ ಅವರಿಗೆ ಸಿಕ್ಕಿತು. 1999ರಲ್ಲಿ ಬಳ್ಳಾರಿ ಸೋನಿಯಾ ಅವರಿಗೆ ಸಿಕ್ಕಿತು. ಗೆದ್ದವರು ಬೇರೆ ಕ್ಷೇತ್ರವನ್ನು ಉಳಿಸಿಕೊಂಡು ಬಳ್ಳಾರಿಗೆ ಕೈ ಬೀಸಿ ಹೋದರು. ಬೆಂಗಳೂರಿನಿಂದ ರಾಜ್ಯಸಭೆಗೆ ಹೋದ ಹೊರನಾಡಿನವರ ಪಟ್ಟಿ ಬರೆಯಲು ಈ ಪುಟ ಸಾಲದು. ಎಲ್ಲ ಪಕ್ಷಗಳೂ ಈ ಪಾಪದಲ್ಲಿ ಪಾಲುದಾರರೇ.

ಮೂವತ್ತು ವರ್ಷದ ಅಂಕಪಟ್ಟಿ

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಸರ್ಕಾರಕ್ಕೆ ವರದಿ ಕೊಟ್ಟಿತು. ರಾಜ್ಯದ ತಾಲೂಕುಗಳನ್ನು ಒಂದೊಂದಾಗಿ ಅಳೆದು 114 ತಾಲೂಕು ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದಿತು. ಆ 39ರಲ್ಲಿ 21 ಗುಲ್ಬರ್ಗ ವಿಭಾಗದವು. ಇದನ್ನು ಸರಿಪಡಿಸಲು ಎಂಟು ವರ್ಷಕ್ಕೆ ಸುಮಾರು 31 ಸಾವಿರ ಕೋಟಿ ರೂಪಾಯಿ ಬೇಕು ಎಂದು ಲೆಕ್ಕ ಕೊಟ್ಟಿತು.

ಆ 39ರ ಪಟ್ಟಿಯಲ್ಲಿ ಜೇವರ್ಗಿಯ ಹೆಸರಿದೆ!

ಮೂವತ್ತು ವರ್ಷ ಒಬ್ಬನೇ ಶಾಸಕ. ಅದರಲ್ಲಿ ಹಲವು ವರ್ಷ ಮಂತ್ರಿ. ವರದಿ ಬಂದಾಗಲೂ ಲೋಕೋಪಯೋಗಿ ಮಂತ್ರಿ, ಅಂದರೆ ರಾಜ್ಯದ ರಸ್ತೆ ಸೇತುವೆಗಳ ಯಜಮಾನ. ಆದರೂ ಕ್ಷೇತ್ರ ಅತ್ಯಂತ ಹಿಂದುಳಿದದ್ದು. ಶಾಲೆಯಲ್ಲಿ ಹುಡುಗ ಫೇಲಾದರೆ ಅಪ್ಪನನ್ನು ಕರೆಸುತ್ತಾರೆ. ತಾಲೂಕಿಗೆ ತಾಲೂಕೇ ಫೇಲಾದರೆ ಯಾರನ್ನು ಕರೆಸಬೇಕು? 2004ರಲ್ಲಿ ಜನ ಅವರನ್ನೇ ಕರೆದು ಎಂಟನೇ ಸಲ ಹಾರ ಹಾಕಿದರು.

ಆ ವರ್ಷ ಯಾರಿಗೂ ಬಹುಮತ ಬರಲಿಲ್ಲ. ಬಿಜೆಪಿ 79, ಕಾಂಗ್ರೆಸ್ 65, ಜೆಡಿಎಸ್ 58. ಕಾಂಗ್ರೆಸ್–ಜೆಡಿಎಸ್ ಕೂಡಿಕೆಯಲ್ಲಿ ಎಲ್ಲರಿಗೂ ಒಗ್ಗುವ ಮನುಷ್ಯ ಬೇಕಾಗಿದ್ದಾಗ ‘ಅಜಾತಶತ್ರು’ ನೆನಪಾದರು. ವೀರೇಂದ್ರ ಪಾಟೀಲರ ನಂತರ ಕಲಬುರಗಿ ಸೀಮೆಗೆ ಮತ್ತೆ ಮುಖ್ಯಮಂತ್ರಿ ಪಟ್ಟ ಬಂತು. ಮೇ 28ರಂದು ಪ್ರಮಾಣವಚನ. ಇಪ್ಪತ್ತು ತಿಂಗಳ ಆಳ್ವಿಕೆ. ಮೊದಲೇ ಹೇಳಿದ ಬೆಂಗಳೂರು, ಬೆಳಗಾವಿಯ ತೀರ್ಮಾನಗಳು ಆಗಿನವು. ಅದರ ಕೀರ್ತಿ ಅವರಿಗೆ ಸಲ್ಲಲೇಬೇಕು. ಆದರೆ ನಂಜುಂಡಪ್ಪ ವರದಿ? ತಮ್ಮದೇ ಸೀಮೆಯ ಹಸಿವಿನ ಲೆಕ್ಕ ಅದು. ಮಿತ್ರಪಕ್ಷವನ್ನು ಸಮಾಧಾನ ಮಾಡುವುದರಲ್ಲೇ ದಿನ ಕಳೆದವು. 2006ರ ಜನವರಿಯಲ್ಲಿ ಕುಮಾರಸ್ವಾಮಿ ಬಿಜೆಪಿಯ ಕಡೆ ಹೊರಳಿದಾಗ ಕುರ್ಚಿ ಹೋಯಿತು. 2008ರ ಕೊನೆಯಲ್ಲಿ ಬಂದ ಲೋಕಾಯುಕ್ತದ ಗಣಿ ವರದಿ ಅವರ ಹೆಸರನ್ನೂ ಎತ್ತಿ ಸುಮಾರು 23 ಕೋಟಿ ರೂಪಾಯಿ ವಸೂಲಿಗೆ ಶಿಫಾರಸು ಮಾಡಿತು. ಆ ಆರೋಪವನ್ನು ಅವರು ಒಪ್ಪಲಿಲ್ಲ.

ಅದೇ 2008ರ ಮೇ ತಿಂಗಳಲ್ಲಿ ಜೇವರ್ಗಿ ಕೊನೆಗೂ ಬಾಯಿ ಬಿಟ್ಟಿತು. ಮುಖ್ಯಮಂತ್ರಿಯಾಗಿ ಬಂದವರನ್ನು ಕೇವಲ 70 ಓಟುಗಳಿಂದ ಮನೆಗೆ ಕಳಿಸಿತು. ಎಪ್ಪತ್ತು ಓಟು! ಒಂದು ಬಸ್ಸಿನಲ್ಲಿ ಹಿಡಿಸುವಷ್ಟು ಜನ. ನಿಮ್ಮ ಒಂದು ಓಟಿನಿಂದ ಏನಾಗುತ್ತದೆ ಎಂದು ಸಿನಿಮಾಕ್ಕೆ ಹೋಗುವ ಬೆಂಗಳೂರಿನ ತರುಣರು ಈ ಸಂಖ್ಯೆಯನ್ನು ಬಾಯಿಪಾಠ ಮಾಡಲಿ.

ಬೀದರ್ ಕೊಟ್ಟ ಎರಡನೇ ಬಾಗಿಲು

ಮನೆಗೆ ಹೋದವರನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದ್ದು ಬೀದರ್. ಅಲ್ಲಿಯವರೆಗೆ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಬೀದರ್ ಲೋಕಸಭಾ ಕ್ಷೇತ್ರ 2009ರಲ್ಲಿ ಸಾಮಾನ್ಯ ಕ್ಷೇತ್ರವಾಯಿತು. ಬಸವಕಲ್ಯಾಣ, ಹುಮನಾಬಾದ್, ಭಾಲ್ಕಿ, ಔರಾದ್, ಬೀದರ್, ಬೀದರ್ ದಕ್ಷಿಣದ ಜತೆಗೆ ಆಳಂದ, ಚಿಂಚೋಳಿಯೂ ಸೇರಿದ ದೊಡ್ಡ ಕ್ಷೇತ್ರ. ಧರ್ಮಸಿಂಗ್ ಬಂದು ನಿಂತರು. ಇಲ್ಲಿಯೂ ಜನ ಹೆಸರು ಕೇಳಲಿಲ್ಲ, ಗೆಲ್ಲಿಸಿದರು. 1980ರಲ್ಲಿ ಕೈಯಾರೆ ಬಿಟ್ಟುಕೊಟ್ಟಿದ್ದ ಲೋಕಸಭೆಗೆ ಇಪ್ಪತ್ತೊಂಬತ್ತು ವರ್ಷದ ಮೇಲೆ ಕಾಲಿಟ್ಟರು.

ಈ ಐದು ವರ್ಷದಲ್ಲಿ ಆದ ಒಂದು ಕೆಲಸ ಮಾತ್ರ ಚರಿತ್ರೆಯಲ್ಲಿ ಉಳಿಯುವಂಥದ್ದು: ಸಂವಿಧಾನದ 371(ಜೆ) ವಿಧಿ.

ಇದರ ಹಿನ್ನೆಲೆ ಪ್ರತಿಯೊಬ್ಬ ಕನ್ನಡಿಗನಿಗೂ ಗೊತ್ತಿರಬೇಕು. ಹಳೆಯ ಹೈದರಾಬಾದ್ ರಾಜ್ಯ ಒಡೆದು ಮೂರು ಪಾಲಾಯಿತು. ಮರಾಠಿಯ ಮರಾಠವಾಡ, ತೆಲುಗಿನ ತೆಲಂಗಾಣ, ಕನ್ನಡದ ನಮ್ಮ ಸೀಮೆ. ಮರಾಠವಾಡಕ್ಕೆ 1956ರಲ್ಲೇ ಸಂವಿಧಾನದ 371ನೇ ವಿಧಿಯಲ್ಲಿ ಜಾಗ ಸಿಕ್ಕಿತು. ತೆಲಂಗಾಣವಿದ್ದ ಆಂಧ್ರಕ್ಕೆ 1973ರಲ್ಲಿ 371(ಡಿ) ಸಿಕ್ಕಿತು. ಕನ್ನಡದ ಪಾಲಿಗೆ? ಒಂದೇ ನಿಜಾಮ, ಒಂದೇ ದಾಸ್ಯ, ಒಂದೇ ಬಡತನ. ಆದರೆ ಕನ್ನಡಿಗನಿಗೆ ಮಾತ್ರ ‘ತಾಳ್ಮೆಯಿಂದಿರು’ ಎಂಬ ಉಪದೇಶ. ಇದನ್ನು ಕೇಳಿದ್ದು ವೈಜನಾಥ ಪಾಟೀಲರು ಮತ್ತು ಅವರ ಜೊತೆಗೆ ಬೀದಿಗಿಳಿದ ಹೋರಾಟಗಾರರು. ವಾಜಪೇಯಿ ಸರ್ಕಾರದಲ್ಲಿ ಗೃಹ ಮಂತ್ರಿಯಾಗಿದ್ದ ಆಡ್ವಾಣಿ ಆಗುವುದಿಲ್ಲ ಎಂದು ತಳ್ಳಿಹಾಕಿದರು. ಹೋರಾಟ ನಿಲ್ಲಲಿಲ್ಲ. ಕೊನೆಗೆ 2012ರ ಡಿಸೆಂಬರಿನಲ್ಲಿ, ಖರ್ಗೆ ಕೇಂದ್ರ ಮಂತ್ರಿ, ಧರ್ಮಸಿಂಗ್ ಬೀದರ್ ಸಂಸದರಾಗಿದ್ದಾಗ, 98ನೇ ತಿದ್ದುಪಡಿಗೆ ಸಂಸತ್ತು ಒಪ್ಪಿತು.

ಅದರ ಫಲವೇನು? ಈ ಸೀಮೆಯ ಸರ್ಕಾರಿ ಹುದ್ದೆಗಳಲ್ಲಿ ‘ಎ’ ಮತ್ತು ‘ಬಿ’ ದರ್ಜೆಯಲ್ಲಿ ಶೇ. 75, ‘ಸಿ’ ದರ್ಜೆಯಲ್ಲಿ ಶೇ. 80, ‘ಡಿ’ ದರ್ಜೆಯಲ್ಲಿ ಶೇ. 85 ಸ್ಥಳೀಯರಿಗೆ. ಇಲ್ಲಿಯ ಕಾಲೇಜುಗಳಲ್ಲಿ ಶೇ. 70 ಸೀಟು, ಉಳಿದ ಕರ್ನಾಟಕದ ಕಾಲೇಜುಗಳಲ್ಲಿ ಶೇ. 8 ಸೀಟು. ಬಸವಕಲ್ಯಾಣದ ರೈತನ ಮಗಳು ಬೆಂಗಳೂರಿನಲ್ಲಿ ಡಾಕ್ಟರಿಕೆ ಓದಲು ಇದು ಬಾಗಿಲು ತೆರೆಯಿತು. ಕೂಗಿದ ಕೊರಳಿಗೆ ಮತ್ತು ಸಹಿ ಹಾಕಿಸಿದ ಕೈಗೆ ಇಬ್ಬರಿಗೂ ನಮಸ್ಕಾರ ಹೇಳೋಣ. ಆದರೆ ಮೊದಲ ನಮಸ್ಕಾರ ಕೂಗಿದವರಿಗೇ. ಬೀದಿಯಲ್ಲಿ ಕೇಳಿದವರು ಇರದಿದ್ದರೆ ಸಂಸತ್ತಿನಲ್ಲಿ ಒಬ್ಬ ಸಿಂಗ್, ಒಬ್ಬ ಖರ್ಗೆ ಏನು ಮಾಡಬಹುದಿತ್ತು?

2014ರಲ್ಲಿ ಧರ್ಮಸಿಂಗ್ ಭಗವಂತ ಖೂಬಾ ಎದುರು ಸೋತರು. ಮೂರು ವರ್ಷಕ್ಕೆ ತೀರಿಕೊಂಡರು. ಅವರು ಹೋದ ಮೂರು ತಿಂಗಳಿಗೆ, 2017ರ ಅಕ್ಟೋಬರಿನಲ್ಲಿ, ಹುಮನಾಬಾದ್ ಮೇಲೆ ಹಾದು ಬೀದರ್–ಕಲಬುರಗಿ ರೈಲು ಓಡಿತು. ಬಸವಣ್ಣನ ಊರನ್ನು ಮಾತ್ರ ಆ ಹಳಿ ಮುಟ್ಟಲಿಲ್ಲ.

ಕಲ್ಯಾಣದಲ್ಲಿ ತಿರುಗುಮುರುಗು

ಈಗ ಬಸವಕಲ್ಯಾಣಕ್ಕೆ ಬನ್ನಿ. ಕಳೆದ ಕೆಲವು ಚುನಾವಣೆಗಳಲ್ಲಿ ನಮ್ಮ ಪಕ್ಷಗಳು ಈ ಊರಿಗೆ ಏನು ಮಾಡಿವೆ ನೋಡಿ.

2018ರಲ್ಲಿ ಜೆಡಿಎಸ್ ಇಲ್ಲಿ ಪಿ.ಜಿ.ಆರ್. ಸಿಂಧ್ಯಾ ಅವರನ್ನು ನಿಲ್ಲಿಸಿತು. ಸಿಂಧ್ಯಾ ಯಾರು? 1983ರಿಂದ ಕನಕಪುರದಿಂದ ಆರು ಸಲ ಗೆದ್ದ ಹಿರಿಯ. 1983ರಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಅವರಿಗಾಗಿ ಸೀಟು ಬಿಟ್ಟುಕೊಟ್ಟವರು. ಗೃಹ, ಸಾರಿಗೆ ಖಾತೆಗಳನ್ನು ನೋಡಿದವರು. ಒಕ್ಕಲಿಗರೇ ತುಂಬಿದ ಕನಕಪುರ ಆ ಮರಾಠಾ ಮನೆತನದ ಮನುಷ್ಯನನ್ನು ಇಪ್ಪತ್ತು ವರ್ಷ ‘ನಮ್ಮ ಸಿಂಧ್ಯಾ’ ಎಂದಿತು. ಅಂಥವರನ್ನು ರಾಜ್ಯದ ಆ ತುದಿಯಿಂದ ಈ ತುದಿಗೆ ಯಾಕೆ ಕಳಿಸಿದರು? ಮರಾಠಾ ಓಟಿನ ಲೆಕ್ಕವಲ್ಲದೆ ಬೇರೆ ಕಾರಣ ನಿಮಗೆ ಹೊಳೆಯುತ್ತದೆಯೇ? ಬದುಕಿನುದ್ದ ಕನ್ನಡಿಗನಾಗಿ ಗೆದ್ದ ಮನುಷ್ಯನನ್ನು ಇಳಿವಯಸ್ಸಿನಲ್ಲಿ ಬರೀ ಒಂದು ಅಡ್ಡಹೆಸರಿಗೆ ಇಳಿಸಿದ ಹಾಗಾಯಿತು. ಬಸವಕಲ್ಯಾಣದ ಜನ ಒಪ್ಪಲಿಲ್ಲ. ಅಲ್ಲೇ ಓಡಾಡಿಕೊಂಡಿದ್ದ ಕಾಂಗ್ರೆಸ್ಸಿನ ಬಿ. ನಾರಾಯಣರಾವ್ ಅವರನ್ನು ಗೆಲ್ಲಿಸಿದರು.

2020ರ ಸೆಪ್ಟೆಂಬರಿನಲ್ಲಿ ನಾರಾಯಣರಾವ್ ಕೊರೋನಾಕ್ಕೆ ಬಲಿಯಾದರು. ಉಪಚುನಾವಣೆ ಎದುರಾಯಿತು. ನವೆಂಬರಿನಲ್ಲಿ ಯಡಿಯೂರಪ್ಪ ಸರ್ಕಾರಕ್ಕೆ ಇದ್ದಕ್ಕಿದ್ದಂತೆ ಮರಾಠಾ ಅಭಿವೃದ್ಧಿ ನಿಗಮದ ಕನಸು ಬಿತ್ತು. 50 ಕೋಟಿ ರೂಪಾಯಿ ಘೋಷಣೆ! ಕನ್ನಡ ಸಂಘಟನೆಗಳು ಡಿಸೆಂಬರ್ 5ರಂದು ಬಂದ್ ಕರೆದವು. 2021ರ ಜನವರಿಯಲ್ಲಿ ಅದೇ ಮುಖ್ಯಮಂತ್ರಿ ಬಸವಕಲ್ಯಾಣದಲ್ಲಿ ಸುಮಾರು 500 ಕೋಟಿ ರೂಪಾಯಿಯ ನೂತನ ಅನುಭವ ಮಂಟಪಕ್ಕೆ ಅಡಿಗಲ್ಲು ಇಟ್ಟರು. ಒಂದು ಕೈಯಲ್ಲಿ ಮರಾಠರಿಗೆ ನಿಗಮ, ಇನ್ನೊಂದು ಕೈಯಲ್ಲಿ ಬಸವಭಕ್ತರಿಗೆ ಮಂಟಪ. ಏಪ್ರಿಲ್ 17ರಂದು ಮತದಾನ ನಡೆಯಿತು. ಬಿಜೆಪಿಯ ಶರಣು ಸಲಗರ ಗೆದ್ದರು.

2023ರಲ್ಲಿ ಕಾಂಗ್ರೆಸ್ ಯಾರನ್ನು ನಿಲ್ಲಿಸಿತು ಗೊತ್ತೇ? ವಿಜಯಸಿಂಗ್ ಅವರನ್ನು. ಧರ್ಮಸಿಂಗರ ಮಗ! ಸೋತರು, ಸಲಗರ ಮತ್ತೆ ಗೆದ್ದರು. ಇನ್ನೊಬ್ಬ ಮಗ ಅಜಯಸಿಂಗ್ 2013ರಿಂದ ಜೇವರ್ಗಿ ಶಾಸಕರು. 2023ರಲ್ಲಿ ಅವರನ್ನು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಿದರು. ಜೇವರ್ಗಿಯ ಹಿಂದುಳಿದಿರುವಿಕೆಯೂ ಅಪ್ಪನಿಂದ ಮಗನಿಗೆ ಬಂದ ಆಸ್ತಿ, ಅದನ್ನು ಅಳಿಸುವ ಹಣದ ಪೆಟ್ಟಿಗೆಯೂ ಈಗ ಅದೇ ಮನೆಯ ಕೈಯಲ್ಲಿ. ಭಾಲ್ಕಿಯ ಖಂಡ್ರೆ ಮನೆತನದ ಮೊಮ್ಮಗ ಸಾಗರ್ ಖಂಡ್ರೆ 2024ರಲ್ಲಿ ಬೀದರ್ ಸಂಸದರಾದರು. ಮಗ, ಮೊಮ್ಮಗ ಬರಬಾರದು ಎನ್ನುವುದಿಲ್ಲ. ಅಪ್ಪ, ಅಜ್ಜನ ಲೆಕ್ಕದ ಪುಸ್ತಕ ಹಿಡಿದುಕೊಂಡು ಬರಲಿ ಎನ್ನುತ್ತೇವೆ.

ನೋಡಿದಿರಾ? ಜನ ಹೆಸರು ಕೇಳುತ್ತಿರಲಿಲ್ಲ. ಈಗ ಪಕ್ಷಗಳೇ ಮನೆಮನೆಗೆ ಬಂದು ‘ನಿನ್ನ ಹೆಸರೇನು, ನಿನ್ನ ಮನೆಮಾತೇನು, ನಿನ್ನ ಜಾತಿ ಯಾವುದು’ ಎಂದು ಕೇಳಿ, ಜನರಿಗೂ ಅದೇ ಕೇಳಲು ಕಲಿಸುತ್ತಿವೆ. ಲೆಕ್ಕ ಕೇಳುವುದನ್ನು ಮಾತ್ರ ಯಾರೂ ಕಲಿಸುವುದಿಲ್ಲ. ಯಾಕೆ ಕಲಿಸುತ್ತಾರೆ? ಕಳ್ಳ ತನ್ನ ಮನೆಗೆ ತಾನೇ ದೀಪ ಹಚ್ಚುತ್ತಾನೆಯೇ?

ನಮ್ಮ ಹೋರಾಟ ಯಾರ ಮೇಲೆ?

ಇಲ್ಲಿ ಕನ್ನಡ ಹೋರಾಟದ ತರುಣರಿಗೆ ಒಂದು ಮಾತು. ಬಸವಕಲ್ಯಾಣದ ಓಣಿಯಲ್ಲಿ ಮರಾಠಿ ಮಾತಾಡುವ ರೈತ ನಮ್ಮ ಶತ್ರುವಲ್ಲ. ಅವನು ಅಲ್ಲಿಗೆ ನಿನ್ನೆ ಬಂದವನಲ್ಲ. ಅವನ ಹೊಲಕ್ಕೂ ಮಳೆಯಿಲ್ಲ, ಅವನ ಮಗನಿಗೂ ಕೆಲಸವಿಲ್ಲ. ಅವನ ಮಗ ಕನ್ನಡ ಕಲಿತರೆ 371(ಜೆ) ಹುದ್ದೆ ಅವನಿಗೂ ಸಿಗುತ್ತದೆ. ಕಲಿಯದಿದ್ದರೆ ಉಮರ್ಗಾಕ್ಕೋ ಪುಣೆಗೋ ಕೂಲಿಗೆ ಹೋಗಬೇಕು. ಅವನಿಗೆ 50 ಕೋಟಿಯ ನಿಗಮದ ಬೋರ್ಡಿಗಿಂತ ಒಬ್ಬ ಒಳ್ಳೆಯ ಕನ್ನಡ ಮೇಷ್ಟ್ರು ಬೇಕು. 2015ರ ಕನ್ನಡ ಕಲಿಕಾ ಕಾಯ್ದೆ ಎಲ್ಲ ಶಾಲೆಗಳಲ್ಲೂ ಕನ್ನಡ ಕಲಿಸಬೇಕು ಎನ್ನುತ್ತದೆ. ಗಡಿಯ ಮರಾಠಿ, ಉರ್ದು ಶಾಲೆಗಳಿಗೆ ಸರ್ಕಾರ ಎಷ್ಟು ಕನ್ನಡ ಮೇಷ್ಟ್ರುಗಳನ್ನು ಕೊಟ್ಟಿದೆ ಎಂದು ಕೇಳುವುದು ನಮ್ಮ ಹೋರಾಟ. ಮರಾಠಿಯವನ ಅಂಗಡಿಗೆ ಕಲ್ಲು ಹೊಡೆಯುವುದಲ್ಲ. ಧರ್ಮಸಿಂಗರನ್ನು ಕನ್ನಡಿಗ ಮಾಡಿದ್ದು ಕಲ್ಲಲ್ಲ. ಜನ ಕೊಟ್ಟ ಜಾಗ.

ಹಾಗಾದರೆ ಕೇಳಬೇಕಾದ ಲೆಕ್ಕ ಯಾವುದು? ಬರೆದುಕೊಳ್ಳಿ.

ಒಂದು: 371(ಜೆ) ಬಂದ ಮೇಲೆ ಈ ಸೀಮೆಯಲ್ಲಿ ಎಷ್ಟು ಹುದ್ದೆ ಮಂಜೂರಾಗಿವೆ, ಎಷ್ಟು ತುಂಬಿವೆ, ಎಷ್ಟು ಖಾಲಿ ಇವೆ? ಖಾಲಿ ಕುರ್ಚಿಯಲ್ಲಿ ಶೇ. 80 ಮೀಸಲಾತಿ ಕೊಟ್ಟರೆ ಯಾರ ಹೊಟ್ಟೆ ತುಂಬುತ್ತದೆ?

ಎರಡು: ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಎಂದು 2023ರ ಬಜೆಟ್ಟಿನಲ್ಲಿ ಘೋಷಿಸಿದರು. ಬಸವಕಲ್ಯಾಣ, ಹುಮನಾಬಾದ್, ಹೊಸದಾಗಿ ತಾಲೂಕಾದ ಹುಲಸೂರು, ಚಿಟಗುಪ್ಪಗಳಿಗೆ ಅದರಲ್ಲಿ ಎಷ್ಟು ಬಂತು? ಎಷ್ಟು ಶಾಲೆಗೆ ಹೋಯಿತು, ಎಷ್ಟು ಗುತ್ತಿಗೆದಾರನ ಜೇಬಿಗೆ ಹೋಯಿತು?

ಮೂರು: ಶೇ. 8 ಸೀಟಿನಲ್ಲಿ ಬೆಂಗಳೂರಿಗೆ ಓದಲು ಬಂದ ಮಕ್ಕಳಿಗೆ ಹಾಸ್ಟೆಲ್ ಎಲ್ಲಿ?

ನಾಲ್ಕು: 2019ರ ಸೆಪ್ಟೆಂಬರಿನಲ್ಲಿ ‘ಹೈದರಾಬಾದ್ ಕರ್ನಾಟಕ’ವನ್ನು ‘ಕಲ್ಯಾಣ ಕರ್ನಾಟಕ’ ಎಂದು ಕರೆದಿರಿ. ಸಂತೋಷ. ಬೋರ್ಡಿನ ಮೇಲೆ ಬಂದ ಕಲ್ಯಾಣ ಬದುಕಿಗೆ ಯಾವಾಗ?

ಬೆಂಗಳೂರಿನ ನಿಮಗೆ ಇದೆಲ್ಲ ಏಳುನೂರು ಕಿಲೋಮೀಟರ್ ದೂರದ ಮಾತು ಎನ್ನಿಸಬಹುದು. ಅಲ್ಲ. 1986ರಲ್ಲಿ ಸರೋಜಿನಿ ಮಹಿಷಿ ಕೊಟ್ಟ ವರದಿಗಾಗಿ ನಾವು ಇನ್ನೂ ಗಂಟಲು ಹರಿದುಕೊಳ್ಳುತ್ತಿದ್ದೇವೆ. ಸ್ಥಳೀಯರಿಗೆ ಕೆಲಸ ಎಂಬ ಮಾತು ಸಂವಿಧಾನದ ಬಲ ಪಡೆದಿರುವುದು ಕರ್ನಾಟಕದಲ್ಲಿ ಆ ಸೀಮೆಗೆ ಮಾತ್ರ. ಅಲ್ಲಿಯೇ ಅದು ಸೋತರೆ ಇಲ್ಲಿ ನಾವು ಕೇಳುವುದಕ್ಕೆ ಯಾರು ಕಿವಿಗೊಡುತ್ತಾರೆ? ನಿಮ್ಮ ಕಟ್ಟಡ ಕಟ್ಟುವವನು, ನಿಮಗೆ ಊಟದ ಪೊಟ್ಟಣ ತಂದುಕೊಡುವವನು, ನಿಮ್ಮ ಅಪಾರ್ಟ್‌ಮೆಂಟ್ ಕಾಯುವವನು ಎಷ್ಟೋ ಸಲ ಬೀದರ್, ಕಲಬುರಗಿ, ಯಾದಗಿರಿಯವನು. ಅವನ ಕನ್ನಡ ಕೇಳಿ ‘ಇದ್ಯಾವ ಕನ್ನಡಾನೋ’ ಎಂದು ನಗುವವರಿದ್ದಾರೆ. ನಗುವ ಮೊದಲು ನೆನಪಿಡಿ: ಆ ಕನ್ನಡವಾಡಿದವರೇ ನಿಮ್ಮ ಊರಿಗೆ ‘ಬೆಂಗಳೂರು’ ಎಂಬ ಹೆಸರನ್ನು ತಿರುಗಿ ಕೊಟ್ಟಿದ್ದು.

ಧರ್ಮಸಿಂಗರ ಬದುಕು ನಮಗೆ ಎರಡು ಸಂಗತಿ ಬಿಟ್ಟುಹೋಗಿದೆ. ಕನ್ನಡಿಗ ಎಂಬುದು ಜಾತಿಯಲ್ಲ, ಅಡ್ಡಹೆಸರಲ್ಲ, ಅದು ಈ ನೆಲದೊಂದಿಗಿನ ಸಂಬಂಧ. ಅದನ್ನು ನೆಲೋಗಿಯ ಒಬ್ಬ ರಜಪೂತ ಬದುಕಿ ತೋರಿಸಿದರು. ಹಾಗೆಯೇ, ಎಷ್ಟೇ ಒಳ್ಳೆಯ ಮನುಷ್ಯನಾದರೂ ಲೆಕ್ಕ ಕೇಳುವವರು ಇಲ್ಲದಿದ್ದರೆ ಮೂವತ್ತು ವರ್ಷ ಗೆದ್ದೂ ಊರನ್ನು ಸೋಲಿಸಬಹುದು. ಅದನ್ನೂ ಅವರೇ ತೋರಿಸಿದರು.

ಮುಂದಿನ ಸಲ ಓಟು ಕೇಳಲು ಬಂದವನ ಹೆಸರು ಸಿಂಗ್ ಇರಲಿ, ಸಿಂಧ್ಯಾ ಇರಲಿ, ಪಟೇಲ್ ಇರಲಿ, ಪಾಟೀಲ ಇರಲಿ. ಕೂಡಿಸಿ, ನೀರು ಕೊಡಿ, ‘ನಮ್ಮವ’ ಎನ್ನಿ. ಆಮೇಲೆ ಬಾಗಿಲು ಹಾಕಿಕೊಂಡು ಕೇಳಿ: ‘ಲೆಕ್ಕ ತೆಗೀರಿ, ಸಾಹೇಬ್ರೇ.’